ಸಂಬಳ ಬಿಟ್ಟು ಪೋಕರ್ ಮೇಜಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 31 ವರ್ಷ. ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷದ ಅನುಭವ, ತಿಂಗಳಿಗೆ ಕೈಗೆ 1.4 ಲಕ್ಷ ಬರುತ್ತದೆ, ಮನೆಖರ್ಚು 60,000. ಆ್ಯಪ್‌ಗಳು ಬಂದ್ ಆಗುವ ತನಕ ಆನ್‌ಲೈನ್ ಪೋಕರ್ ಆಡುತ್ತಿದ್ದೆ. ಈಗ ಗೋವಾದಲ್ಲಿ 100–200 ಬ್ಲೈಂಡ್ ಟೇಬಲ್‌ನಲ್ಲಿ ಒಟ್ಟು 180 ಗಂಟೆ ಆಡಿ 1.8 ಲಕ್ಷ ಗೆದ್ದಿದ್ದೇನೆ. ಕೆಲಸಕ್ಕೆ ಒಂದು ವರ್ಷ ಬಿಡುವು ಕೊಟ್ಟು ಇದನ್ನೇ ವೃತ್ತಿಯಾಗಿ ಆಡಬೇಕೆಂದಿದ್ದೇನೆ. ಕೈಯಲ್ಲಿ ಎಷ್ಟು ದುಡ್ಡಿರಬೇಕು?
— ಓದುಗರು, ಬೆಂಗಳೂರು

ಉತ್ತರ: ದುಡ್ಡಿನ ಲೆಕ್ಕಕ್ಕೆ ಮೊದಲು ನಿಮ್ಮ ಗೆಲುವನ್ನೇ ತೂಗಿ ನೋಡೋಣ. ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಹಣ. ನಿಮ್ಮ ಟೇಬಲ್‌ನಲ್ಲಿ ಅವೆರಡರಲ್ಲಿ ದೊಡ್ಡದು, ಅಂದರೆ ಬಿಗ್ ಬ್ಲೈಂಡ್, 200 ರೂಪಾಯಿ. ಅಂದರೆ 1.8 ಲಕ್ಷವೆಂದರೆ 900 ಬಿಗ್ ಬ್ಲೈಂಡ್, ಗಂಟೆಗೆ 5. ಎದುರುಬದುರು ಕೂತು ಆಡುವ ಲೈವ್ ಆಟದಲ್ಲಿ ಇದು ಒಳ್ಳೆಯ ಅಂಕಿ. ಆದರೆ ನೋ-ಲಿಮಿಟ್ ಹೋಲ್ಡೆಮ್ ಎಂಬ ಬಗೆಯ ಪೋಕರ್‌ನಲ್ಲಿ ಗಂಟೆಗೆ 25–30 ಕೈ (ಎಲೆ ಹಂಚಿ ಆಡುವ ಸುತ್ತು) ಆಗುತ್ತವೆ, ಒಂದು ಗಂಟೆಯ ಏರಿಳಿತ (ಫಲಿತಾಂಶ ಸರಾಸರಿಯಿಂದ ಆಚೀಚೆ ಹೋಗುವ ಪ್ರಮಾಣ) ಸುಮಾರು 50 ಬಿಗ್ ಬ್ಲೈಂಡ್. ಗಂಟೆಗಳು ಹೆಚ್ಚಿದಂತೆ ಏರಿಳಿತ ಅವುಗಳ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. 180 ಗಂಟೆಗೆ ಅದು ಹೆಚ್ಚುಕಡಿಮೆ 670 ಆಗುತ್ತದೆ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ ಎಂಬಂಥ ನೂರು ಆಟಗಾರರನ್ನು 180 ಗಂಟೆ ಕೂರಿಸಿದರೆ, ಅವರಲ್ಲಿ ಒಂಬತ್ತು ಮಂದಿ ಬರೀ ಎಲೆಯ ಅದೃಷ್ಟದಿಂದ ನಿಮ್ಮಷ್ಟು ಅಥವಾ ನಿಮಗಿಂತ ಹೆಚ್ಚು ಗೆದ್ದು ಏಳುತ್ತಾರೆ. ನೀವು ಆ ಒಂಬತ್ತರಲ್ಲಿ ಒಬ್ಬರಲ್ಲ ಎಂದು ಈ 180 ಗಂಟೆ ಸಾಬೀತು ಮಾಡುವುದಿಲ್ಲ. ನಿಮ್ಮ ನಿಜವಾದ ಸರಾಸರಿ ಗಂಟೆಗೆ ಮೈನಸ್ 2.5ರಿಂದ ಪ್ಲಸ್ 12.5ರವರೆಗೆ ಎಲ್ಲಿಯಾದರೂ ಇರಬಹುದು. ಸಾವಿರ ಗಂಟೆ ಆಡಿದ ಮೇಲೂ ಎರಡೂ ಬದಿಗೆ ಮೂರರಷ್ಟು ಅನುಮಾನ ಉಳಿಯುತ್ತದೆ.

ಆನ್‌ಲೈನ್‌ನಲ್ಲಿ ಗೆದ್ದದ್ದನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿನ ವೇಗ, ಎದುರಾಳಿಗಳು, ರೇಕ್ (ಪಾಟ್‌ನಿಂದ, ಅಂದರೆ ಮೇಜಿನ ನಡುವೆ ಸೇರಿದ ಹಣದಿಂದ, ಆಟ ನಡೆಸುವವರು ಕಡಿಯುವ ಪಾಲು) ಎಲ್ಲವೂ ಬೇರೆ. ಮೇಲಾಗಿ ಆ ದಾರಿ ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ಭೇದ ಮಾಡದೆ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬರೀ ಆಡಿದವರಿಗೆ ಶಿಕ್ಷೆ ಇಲ್ಲ, ನಿಜ. ಆದರೆ ವಿಪಿಎನ್ (ಎಲ್ಲಿಂದ ಆಡುತ್ತೀರಿ ಎಂಬುದನ್ನು ಮರೆಮಾಡುವ ತಂತ್ರಾಂಶ) ಹಾಕಿ ವಿದೇಶಿ ಸೈಟ್‌ನಲ್ಲಿ ಆಡಿದರೆ, ಗೆದ್ದ ಹಣ ಯಾರದೋ ಬಾಡಿಗೆ ಖಾತೆಯಿಂದ ನಿಮ್ಮ ಖಾತೆಗೆ ಬಂದು ಬೀಳುತ್ತದೆ. ಆ ಖಾತೆಯ ಮೇಲೆ ಯಾವ ಊರಿನಲ್ಲಿ ಸೈಬರ್ ದೂರು ದಾಖಲಾದರೂ ನಿಮ್ಮ ಸಂಬಳದ ಖಾತೆಯೇ ಫ್ರೀಜ್ ಆಗಬಹುದು. ಅದನ್ನು ನಂಬಿ ಕೆಲಸ ಬಿಡುವ ಮಾತೇ ಬೇಡ.

ಈಗ ದುಡ್ಡಿಗೆ ಬರೋಣ. ನಿಮ್ಮ ಸರಾಸರಿ ನಿಜಕ್ಕೂ 5 ಎಂದೇ ಇಟ್ಟುಕೊಳ್ಳಿ. 1,000 ಬಿಗ್ ಬ್ಲೈಂಡ್, ಅಂದರೆ 2 ಲಕ್ಷ ಬಂಡವಾಳ ಇದ್ದು, ಗೆದ್ದ ಹಣವನ್ನು ಮುಟ್ಟದೆ ಆಡುತ್ತಾ ಹೋದರೆ ಎಂದಾದರೊಂದು ದಿನ ಬಂಡವಾಳವೆಲ್ಲ ಕರಗುವ ಸಂಭವ ಶೇ. 2ರಷ್ಟು. ಬಹಳ ಮಂದಿ ಇದನ್ನು ನೋಡಿಯೇ ಧೈರ್ಯ ತಂದುಕೊಳ್ಳುತ್ತಾರೆ. ಆದರೆ ನೀವು ತಿಂಗಳಿಗೆ 100 ಗಂಟೆ ಆಡಿ, ಅದರಿಂದಲೇ 60,000 ಮನೆಗೆ ತೆಗೆದರೆ, ಗಂಟೆಗೆ 3 ಬಿಗ್ ಬ್ಲೈಂಡ್ ಹೊರಗೆ ಹೋಯಿತು. ಬಂಡವಾಳದ ಕಣ್ಣಿಗೆ ನೀವು ಈಗ ಗಂಟೆಗೆ 2 ಗೆಲ್ಲುವ ಆಟಗಾರ. ಅದೇ 2 ಲಕ್ಷಕ್ಕೆ ಕರಗುವ ಸಂಭವ ಶೇ. 20ಕ್ಕೆ ಏರುತ್ತದೆ, ಐದರಲ್ಲಿ ಒಂದು! 4 ಲಕ್ಷ ಇಟ್ಟರೆ ಮಾತ್ರ ಶೇ. 4ಕ್ಕೆ ಇಳಿಯುತ್ತದೆ. ಆಟ ಚೆನ್ನಾಗಿದ್ದೂ ಮುಳುಗುವವರಲ್ಲಿ ಹೆಚ್ಚಿನವರು ಮುಳುಗುವುದು ಇಲ್ಲೇ. ಬಾಡಿಗೆ, ಇಎಂಐ, ಶಾಲೆ ಫೀಸು ಎಲ್ಲವೂ ಚಿಪ್ಸ್ (ಹಣದ ಬದಲು ಆಡುವ ಬಿಲ್ಲೆ) ಇಟ್ಟ ಜೇಬಿನಿಂದಲೇ ಹೋಗುತ್ತಿರುತ್ತವೆ.

ಆದ್ದರಿಂದ ಎರಡು ಖಾತೆ ಮಾಡಿ. ಒಂದರಲ್ಲಿ ಹನ್ನೆರಡು ತಿಂಗಳ ಮನೆಖರ್ಚು, ಜೊತೆಗೆ ಮತ್ತೆ ಕೆಲಸ ಹುಡುಕಲು ಮೂರು ತಿಂಗಳದ್ದು, ಒಟ್ಟು 9 ಲಕ್ಷ. ಇನ್ನೊಂದರಲ್ಲಿ ಆಟದ 4 ಲಕ್ಷ. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ರೂಪಾಯಿಯೂ ದಾಟಬಾರದು. 4 ಲಕ್ಷ 2 ಲಕ್ಷಕ್ಕೆ ಇಳಿದರೆ ಇನ್ನೂ ಕಡಿಮೆ ಬ್ಲೈಂಡ್‌ನ ಟೇಬಲ್‌ಗೆ ಇಳಿಯಿರಿ. ಅಂಥ ಟೇಬಲ್ ಅಲ್ಲಿ ಇಲ್ಲವಾದರೆ ಅಂದಿಗೇ ಬಿಡುವು ಮುಗಿಯಿತು ಎಂದು ಈಗಲೇ ಬರೆದಿಡಿ. ಪಿಎಫ್ ಹಣ ಎರಡರಲ್ಲೂ ಬರಬಾರದು.

ಇಷ್ಟು ಮಾಡಿದರೂ ತಿಂಗಳಿಗೆ 100 ಗಂಟೆಗೆ ನಿರೀಕ್ಷೆ 1 ಲಕ್ಷ. ನಿಮ್ಮ ಸಂಬಳಕ್ಕಿಂತ ಕಡಿಮೆ. ಗೋವಾದ ಕೋಣೆ ಬಾಡಿಗೆ, ಓಡಾಟ ಕಳೆದಿಲ್ಲ, ತೆರಿಗೆ ಕಟ್ಟಿಲ್ಲ. ಮುಂದಿನ ಉತ್ತರಗಳನ್ನೂ ಓದಿ ತೀರ್ಮಾನಿಸಿ.

ಪ್ರಶ್ನೆ: ಪೋಕರ್ ಗೆಲುವಿಗೆ ತೆರಿಗೆ ಹೇಗೆ? ವೃತ್ತಿ ಆದಾಯ ಎಂದು ತೋರಿಸಿ ನಷ್ಟ, ಖರ್ಚು ಕಳೆಯಬಹುದೇ?
— ಓದುಗರು, ಮೈಸೂರು

ಉತ್ತರ: ಆಗುವುದಿಲ್ಲ. ಲಾಟರಿ, ಕುದುರೆ ಜೂಜು, ಇಸ್ಪೀಟು ಆಟಗಳ ಗೆಲುವಿಗೆ ನೇರ ಶೇ. 30, ಸೆಸ್ ಸೇರಿ ಶೇ. 31.2. ಬೇರೆ ಆದಾಯ ಏನೂ ಇಲ್ಲದಿದ್ದರೂ ಮೂಲ ವಿನಾಯಿತಿ ಮಿತಿ ಇದಕ್ಕೆ ಸಿಗುವುದಿಲ್ಲ. ಓಡಾಟ, ವಸತಿ, ಕಲಿಕೆಯ ಖರ್ಚು ಯಾವುದನ್ನೂ ಕಳೆಯಲು ಬಿಡುವುದಿಲ್ಲ, ಸೋತದ್ದನ್ನು ಗೆದ್ದದ್ದರಿಂದ ವಜಾ ಮಾಡಲೂ ಅವಕಾಶವಿಲ್ಲ. ನಿವ್ವಳ ಗೆಲುವಿಗೆ ತೆರಿಗೆ ಎಂಬ ಅನುಕೂಲ 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟಕ್ಕೆ ಇತ್ತು. ಈಗ ಆ ಆಟಕ್ಕೇ ನಿಷೇಧ.

ಇದರ ಪೆಟ್ಟು ಎಷ್ಟು ಎಂದು ಬೆಂಗಳೂರಿನ ಓದುಗರ ಲೆಕ್ಕದಲ್ಲೇ ನೋಡಿ. ತಿಂಗಳಿಗೆ ಐದೈದು ಗಂಟೆಯ 20 ಆಟ. ಗಂಟೆಗೆ 5 ಬಿಗ್ ಬ್ಲೈಂಡ್ ಗೆಲ್ಲುವವರಿಗೂ ಅವುಗಳಲ್ಲಿ ಸುಮಾರು 12 ದಿನ ಗೆಲುವು, 8 ದಿನ ಸೋಲು. ಗೆದ್ದ ದಿನಗಳ ಮೊತ್ತ ಸರಾಸರಿ 2,33,000, ಸೋತ ದಿನಗಳದ್ದು 1,33,000, ಕೈಯಲ್ಲಿ ಉಳಿಯುವುದು 1 ಲಕ್ಷ. ದಿನದಿನದ ಗೆಲುವಿಗೆ ತೆರಿಗೆ ಎಂದು ಕಟ್ಟುನಿಟ್ಟಾಗಿ ಓದಿದರೆ 2,33,000ದ ಮೇಲೆ ಸುಮಾರು 72,700 ಕಟ್ಟಬೇಕು. ಉಳಿಯುವುದು 27,300. ಮೂಲದಲ್ಲೇ ಕಡಿತ ಆಗಿಲ್ಲ ಎಂದ ಮಾತ್ರಕ್ಕೆ ತೆರಿಗೆ ಇಲ್ಲ ಎಂದಲ್ಲ, ಕಡಿತದ ನಿಯಮ ಬೇರೆ, ಬಾಧ್ಯತೆ ಬೇರೆ. ಕೊಲಂಬೊದಲ್ಲೋ ಕಠ್ಮಂಡುವಿನಲ್ಲೋ ಗೆದ್ದರೂ, ಭಾರತದ ನಿವಾಸಿಯಾಗಿದ್ದರೆ ಇಲ್ಲಿ ತೋರಿಸಲೇಬೇಕು. ದಿನಾಂಕ, ಜಾಗ, ಬ್ಲೈಂಡ್, ಕೂತ ಹೊತ್ತು, ಎದ್ದ ಹೊತ್ತು, ಒಳಗೆ ಕೊಟ್ಟ ಹಣ, ಹೊರಗೆ ತಂದ ಹಣ ಇಷ್ಟನ್ನು ಅಂದಂದೇ ಬರೆದಿಟ್ಟು, ಕ್ಯಾಸಿನೊ ರಸೀದಿಗಳ ಸಮೇತ ವರ್ಷಕ್ಕೆ ಒಮ್ಮೆಯಲ್ಲ, ಮುಂಗಡ ತೆರಿಗೆಯ ಪ್ರತಿ ಕಂತಿಗೂ ಲೆಕ್ಕಪರಿಶೋಧಕರ ಹತ್ತಿರ ಹೋಗಿ.

ನಮ್ಮ ಅಭಿಪ್ರಾಯ ಸ್ಪಷ್ಟ: ಈ ತೆರಿಗೆ ವ್ಯವಸ್ಥೆಯಲ್ಲಿ ಸಣ್ಣ, ಮಧ್ಯಮ ಬ್ಲೈಂಡ್‌ನ ಕ್ಯಾಶ್ ಗೇಮ್ (ಟೂರ್ನಿಯಲ್ಲದ, ನೇರ ಹಣದ ಆಟ) ಆಡಿ ಪ್ರಾಮಾಣಿಕವಾಗಿ ತೆರಿಗೆ ಕಟ್ಟಿ ಸಂಸಾರ ನಡೆಸುವುದು ಒಳ್ಳೆಯ ಆಟಗಾರರಿಗೂ ಸಾಧ್ಯವಾಗುವ ಮಾತಲ್ಲ.

ಪ್ರಶ್ನೆ: ನಮ್ಮೂರಿಂದ ಪಣಜಿ ಹತ್ತಿರ. ಕೆಲಸ ಬಿಡದೆ ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಆಡಿದರೆ ಆಟ ಬೆಳೆಯುತ್ತದೆಯೇ?
— ಓದುಗರು, ಬೆಳಗಾವಿ

ಉತ್ತರ: ಬೆಳೆಯುತ್ತದೆ. ನಿಮ್ಮ ದಾರಿಯೇ ಸರಿಯಾದದ್ದು. ವಾರಾಂತ್ಯದಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಪ್ರವಾಸಿಗಳು ಬರುತ್ತಾರೆ, ಮೋಜಿಗೆ ಕೂರುವವರು ಟೇಬಲ್‌ನಲ್ಲಿ ಹೆಚ್ಚಿರುತ್ತಾರೆ. ವಾರದ ನಡುವೆ ಉಳಿಯುವವರು ಪಳಗಿದವರೇ. ಕೆಲಸ ಬಿಟ್ಟವರು ಗಂಟೆ ತುಂಬಿಸಲು ಆ ಕಠಿಣ ಟೇಬಲ್‌ಗಳಲ್ಲೂ ಕೂರಬೇಕಾಗುತ್ತದೆ, ಅವರ ಸರಾಸರಿ ಅಲ್ಲೇ ಇಳಿಯುತ್ತದೆ. ವಾರಕ್ಕೆ ಎರಡು ರಾತ್ರಿ, ಆರಾರು ಗಂಟೆ, ವರ್ಷದಲ್ಲಿ 40 ವಾರ ಎಂದರೆ 480 ಗಂಟೆ. ಅಷ್ಟರಲ್ಲಿ ಗಂಟೆಗೆ 5ರ ಸರಾಸರಿ ಬಂದರೆ, ಅದು ಬರೀ ಅದೃಷ್ಟವಲ್ಲ ಎಂದು ಹೇಳಲು ಮೊದಲ ಬಾರಿಗೆ ಆಧಾರ ಸಿಗುತ್ತದೆ.

ಕೂರುವ ಮೊದಲು ರೇಕ್ ಶೇಕಡಾ ಎಷ್ಟು, ಒಂದು ಪಾಟ್‌ಗೆ ಗರಿಷ್ಠ ಎಷ್ಟು ಎಂದು ಕೇಳಿ. ಉದಾಹರಣೆಗೆ 100–200ರ ಟೇಬಲ್‌ನಲ್ಲಿ ಒಂದು ಕೈಗೆ ಸರಾಸರಿ 400 ರೂಪಾಯಿ ಕಡಿತ ಎಂದರೆ, 30 ಕೈಗೆ ಗಂಟೆಗೆ 12,000. ಒಂಬತ್ತು ಮಂದಿಗೆ ಹಂಚಿದರೆ ತಲೆಗೆ 1,333, ಅಂದರೆ 6.7 ಬಿಗ್ ಬ್ಲೈಂಡ್. ಅಷ್ಟು ಹೆಚ್ಚು ಚೆನ್ನಾಗಿ ಆಡಿದರೆ ನೀವು ಸೊನ್ನೆಗೆ ಬರುತ್ತೀರಿ, ಲಾಭ ಅಲ್ಲಿಂದಾಚೆಗೆ. ಬ್ಲೈಂಡ್ ಚಿಕ್ಕದಾದಷ್ಟೂ ಈ ಹೊರೆ ಹೆಚ್ಚು.

ವಾರದ ಉಳಿದ ದಿನಗಳು ಕಲಿಕೆಗೆ. ಪ್ರತಿ ಆಟದಲ್ಲಿ ಅನುಮಾನ ಬಂದ ನಾಲ್ಕೈದು ಕೈಗಳನ್ನು ಬರೆದುಕೊಳ್ಳಿ: ಯಾವ ಸೀಟು, ಇಬ್ಬರ ಮುಂದೆಯೂ ಚಿಪ್ಸ್ ಎಷ್ಟು, ಪಾಟ್ ಎಷ್ಟು, ಯಾರು ಎಷ್ಟು ಹಾಕಿದರು. ಮನೆಯಲ್ಲಿ ಪಿಯೋಸಾಲ್ವರ್ ಅಥವಾ ಜಿಟಿಒ ವಿಝಾರ್ಡ್ ಎಂಬ ಪೋಕರ್ ಲೆಕ್ಕದ ತಂತ್ರಾಂಶದಲ್ಲಿ ಹಾಕಿ ನೋಡಿ. ಎದುರಾಳಿ ಅರ್ಧ ಪಾಟ್ ಹಾಕಿದರೆ ಕಾಲ್ ಮಾಡಲು (ಅಷ್ಟೇ ಹಣ ಹಾಕಿ ಮುಂದುವರಿಯಲು) ಶೇ. 25 ಗೆಲುವಿನ ಸಂಭವ ಬೇಕು, ಪೂರ್ತಿ ಪಾಟ್ ಹಾಕಿದರೆ ಶೇ. 33. ಇಂಥವು ಯೋಚಿಸದೆ ಬಾಯಿಗೆ ಬರಬೇಕು. ಲೈವ್ ಆಟದಲ್ಲಿ ಹೆಚ್ಚು ಹಣ ಸೋರುವುದು ಎರಡೇ ಕಡೆ: ಮೊದಲ ಸೀಟುಗಳಿಂದ ಸಡಿಲ ಎಲೆ ಹಿಡಿದು ಒಳಗೆ ಬರುವುದು, ಮತ್ತು ರಿವರ್ ಎಂಬ ಕೊನೆಯ ಎಲೆ ಬಿದ್ದ ಮೇಲೆ ತಣ್ಣಗಿದ್ದ ಎದುರಾಳಿ ದೊಡ್ಡದಾಗಿ ಏರಿಸಿದಾಗ ಒಂದು ಜೋಡಿ ಹಿಡಿದು ನೋಡಲೇಬೇಕು ಎನ್ನುವುದು. ಆರು ಗಂಟೆಯ ಮೇಲೆ ಕೂರಬೇಡಿ. ಸೋತದ್ದನ್ನು ವಾಪಸ್ ತರಬೇಕು ಎಂಬ ಯೋಚನೆ ಬಂದ ಕ್ಷಣಕ್ಕೆ ಏಳಿ, ಗಂಟೆ ಎಷ್ಟೇ ಆಗಿರಲಿ.

ಪ್ರಶ್ನೆ: ಗೋವಾ ಯಾಕೆ, ಬೆಂಗಳೂರಿನಲ್ಲೇ ಕ್ಲಬ್‌ಗಳೂ ವಿಲ್ಲಾ ಗೇಮ್‌ಗಳೂ ಇವೆಯಲ್ಲ? ಪೋಕರ್ ಕೌಶಲದ ಆಟ ಎಂದು ಹೈಕೋರ್ಟೇ ಹೇಳಿದೆಯಂತೆ.
— ಓದುಗರು, ತುಮಕೂರು

ಉತ್ತರ: 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಸಿಕ್ಕಿಬೀಳುವುದನ್ನೂ ಅಪರಾಧ ಎನ್ನುತ್ತದೆ, ಕೌಶಲದ ಆಟಗಳನ್ನು 176ನೇ ಕಲಂ ಹೊರಗಿಡುತ್ತದೆ. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಹಾಕಿದ ಅರ್ಜಿಯಲ್ಲಿ ಹೈಕೋರ್ಟ್, ಕೌಶಲದ ಆಟವಾಗಿ ಪೋಕರ್ ಆಡಿಸಲು ಪರವಾನಗಿ ಬೇಕಿಲ್ಲ ಎಂದಿತು. 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯ ನಿಷೇಧವನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. ಆದರೆ ಗುಜರಾತ್ ಹೈಕೋರ್ಟ್ 2017ರಲ್ಲಿ ಇದೇ ಆಟವನ್ನು ಜೂಜು ಎಂದಿದೆ. ರಾಜ್ಯ ದಾಟಿದರೆ ಕಾನೂನೂ ಬದಲಾಗುತ್ತದೆ.

ಖಾಸಗಿ ಮನೆಗಳಲ್ಲಿ ನಡೆಯುವ ವಿಲ್ಲಾ ಗೇಮ್‌ಗೆ ಹೋಗಬೇಡಿ. ಅಲ್ಲಿ ದಾಳಿಯಾದರೆ ಕೌಶಲದ ವಾದ ನ್ಯಾಯಾಲಯದಲ್ಲಿ ಮುಂದೆಂದೋ ಗೆಲ್ಲಬಹುದು, ಆದರೆ ಎಫ್‌ಐಆರ್‌ನಲ್ಲಿ ಹೆಸರು ಅಂದೇ ಬರುತ್ತದೆ. ಬಿಡುವು ಮುಗಿಸಿ ಹೊಸ ಕಂಪನಿ ಸೇರುವಾಗ ಹಿನ್ನೆಲೆ ಪರಿಶೀಲನೆಯಲ್ಲಿ ಅದೇ ಎದುರಾಗುತ್ತದೆ. ಜೊತೆಗೆ ಅಲ್ಲಿ ಆಟ ನಡೆಯುವುದು ಸಾಲದ ಚಿಪ್ಸ್‌ನಲ್ಲಿ. ಗೆದ್ದ ಚೀಟಿ ಹಣವಾಗುವುದಿಲ್ಲ, ಸೋತದ್ದನ್ನು ಮಾತ್ರ ಮರುದಿನವೇ ಕೇಳುತ್ತಾರೆ. ಗುರುತು ಮಾಡಿದ ಎಲೆ, ಮೊದಲೇ ಕೈ ಸೇರಿಸಿಕೊಂಡ ಇಬ್ಬರು ಆಟಗಾರರು, ಇವನ್ನು ಹಿಡಿಯಲು ಕ್ಯಾಮೆರಾ ಇರುವುದಿಲ್ಲ.

ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕ. ವೇತನರಹಿತ ಅಸಾಧಾರಣ ರಜೆ ಹಾಕಿ ಆಡಬಹುದೇ?
— ಓದುಗರು, ಕಲಬುರಗಿ

ಉತ್ತರ: ಬೇಡ. ಸಂಬಳ ಇಲ್ಲದ ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ, ನಡತೆ ನಿಯಮಗಳು ಪೂರ್ತಿ ಅನ್ವಯಿಸುತ್ತವೆ. ಅನುಮತಿ ಇಲ್ಲದೆ ಬೇರೆ ಗಳಿಕೆಯ ಕೆಲಸ ಮಾಡಿದರೆ ಇಲಾಖಾ ವಿಚಾರಣೆ. ರಜೆಗೆ ಸುಳ್ಳು ಕಾರಣ ಬರೆದದ್ದು ಇನ್ನೊಂದು ಆರೋಪವಾಗುತ್ತದೆ.

ಪ್ರಶ್ನೆ: ಸ್ಯಾನ್ ಹೊಸೆಯಲ್ಲಿ ಎಚ್-1ಬಿ ವೀಸಾದಲ್ಲಿದ್ದೇನೆ. ಮನೆ ಹತ್ತಿರವೇ ಬೇ 101 ಕ್ಯಾಸಿನೊ ಇದೆ, ಕ್ಯಾಲಿಫೋರ್ನಿಯಾದಲ್ಲಿ ಆಟ ಕಾನೂನುಬದ್ಧ. ಆರು ತಿಂಗಳು ಕೆಲಸ ಬಿಟ್ಟು ಆಡಲೇ?
— ಓದುಗರು, ಅಮೆರಿಕ

ಉತ್ತರ: ಆಟ ಕಾನೂನುಬದ್ಧ ನಿಜ, ಆದರೆ ನಿಮ್ಮ ವೀಸಾ ನಿಂತಿರುವುದು ಆ ಒಂದು ಕೆಲಸದ ಮೇಲೆ. ರಾಜೀನಾಮೆ ಕೊಟ್ಟರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಉದ್ಯೋಗದಾತರು ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಸ್ಥಿತಿಗೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ಕಂಪನಿಯೇ ಮಂಜೂರು ಮಾಡಿದ ರಜೆಯಾದರೆ ಉದ್ಯೋಗ ಸಂಬಂಧ ಉಳಿಯುತ್ತದೆ. ಹಿಂದಿರುಗುವ ದಿನಾಂಕ ನಮೂದಿಸಿದ ಪತ್ರ ಕೈಯಲ್ಲಿರಲಿ. ಆದರೆ ಆರು ತಿಂಗಳು ಉದ್ದವಾಯಿತು, ವೀಸಾ ಸ್ಟಾಂಪಿಂಗ್‌ನಲ್ಲಿ ಪ್ರಶ್ನೆ ಬರುತ್ತದೆ.

ಇನ್ನೊಂದು ಸಿಕ್ಕು ತೆರಿಗೆಯಲ್ಲಿದೆ. ಅಲ್ಲಿ ವೃತ್ತಿಪರ ಆಟಗಾರರು ಗೆಲುವನ್ನು ಸ್ವಂತ ವ್ಯವಹಾರದ ಆದಾಯವಾಗಿ ತೋರಿಸಿ ಪ್ರಯಾಣ ಮುಂತಾದ ಖರ್ಚು ಕಳೆಯುತ್ತಾರೆ. ನೀವು ಹಾಗೆ ತೋರಿಸಿದರೆ, ವೀಸಾ ಒಪ್ಪದ ಸ್ವಂತ ಉದ್ಯೋಗ ಮಾಡಿದ್ದೇನೆ ಎಂದು ನೀವೇ ಬರೆದುಕೊಟ್ಟಂತೆ. ಹವ್ಯಾಸಿಯಾಗಿ ತೋರಿಸಿದರೆ ಖರ್ಚು ಕಳೆಯಲಾಗದು. ಜೊತೆಗೆ 2026ರ ತೆರಿಗೆ ವರ್ಷದಿಂದ ಸೋತದ್ದರಲ್ಲಿ ಶೇ. 90 ಮಾತ್ರ ವಜಾ ಆಗುತ್ತದೆ. 1,40,000 ಡಾಲರ್ ಗೆದ್ದು 1,00,000 ಸೋತಿದ್ದರೆ ನಿಜವಾದ ಲಾಭ 40,000, ತೆರಿಗೆ 50,000ದ ಮೇಲೆ. ಗ್ರೀನ್ ಕಾರ್ಡ್ ಬರುವ ತನಕ ಸಂಜೆ, ಶನಿವಾರಕ್ಕೆ ಸೀಮಿತವಾಗಿರಿ. ಒಂದು ಹೆಜ್ಜೆ ಮುಂದಿಡುವ ಮೊದಲು ವಲಸೆ ವಕೀಲರ ಲಿಖಿತ ಸಲಹೆ ಪಡೆಯಿರಿ.

ಪ್ರಶ್ನೆ: ಬೆಂಗಳೂರಿನ ಸಂತೋಷ್ ಸುವರ್ಣ ಲಾಸ್ ವೇಗಸ್‌ನಲ್ಲಿ ಗೆದ್ದದ್ದು ಓದಿದ್ದೇವೆ. ಗೆಳೆಯರು ಹಣ ಹಾಕಿ ನನ್ನನ್ನು ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯಾದ ಮೇನ್ ಈವೆಂಟ್‌ಗೆ ಕಳಿಸಬೇಕೆಂದಿದ್ದಾರೆ. ಪಾಲಿನ ಒಪ್ಪಂದ ಹೇಗೆ ಮಾಡಬೇಕು?
— ಓದುಗರು, ಮಂಗಳೂರು

ಉತ್ತರ: ಸುವರ್ಣ 2024ರಲ್ಲಿ ಗೆದ್ದದ್ದು 2,50,000 ಡಾಲರ್ ಪ್ರವೇಶದ ಟೂರ್ನಿ, ಬಹುಮಾನ ಸುಮಾರು 54 ಲಕ್ಷ ಡಾಲರ್. ಕೆಲವೇ ಮಂದಿ ಕೂರುವ ಟೂರ್ನಿ ಅದು. ಮೇನ್ ಈವೆಂಟ್ ಬೇರೆ ಬಗೆ: ಪ್ರವೇಶ 10,000 ಡಾಲರ್, 2025ರಲ್ಲಿ 9,735 ಪ್ರವೇಶಗಳು, ಹಣ ಸಿಗುವುದು ಸುಮಾರು ಶೇ. 15 ಮಂದಿಗೆ, ಅದರಲ್ಲೂ ಕೆಳಗಿನ ಸ್ಥಾನಗಳಿಗೆ 15,000 ಡಾಲರ್. ತೆರಿಗೆ, ವಿಮಾನ, ಕೋಣೆ ಕಳೆದರೆ ಅದು ಅಸಲಿಗೂ ಸಾಲದು. ಐದರಲ್ಲಿ ಒಮ್ಮೆ ಹಣದ ಸ್ಥಾನ ತಲುಪುವ ಒಳ್ಳೆಯ ಆಟಗಾರರಿಗೂ ಸತತ ಹತ್ತು ಟೂರ್ನಿ ಬರಿಗೈಯಾಗುವ ಸಂಭವ ಶೇ. 11. ಟೂರ್ನಿಗೆ ಕನಿಷ್ಠ ನೂರು ಪ್ರವೇಶ ಶುಲ್ಕದ ಬಂಡವಾಳ ಬೇಕು ಎನ್ನುವುದು ಇದಕ್ಕೇ.

ಪಾಲಿನ ಲೆಕ್ಕ ಸರಳ. ನಿಮ್ಮ ಗೆಲುವಿನಲ್ಲಿ ಶೇ. 1ರ ಪಾಲಿಗೆ ಬೆಲೆ 100 ಡಾಲರ್. ನಿಮ್ಮ ಆಟಕ್ಕೆ ಹಿಂದಿನ ದಾಖಲೆ ಇದ್ದರೆ 110ಕ್ಕೆ ಮಾರಬಹುದು. ಶೇ. 60 ಮಾರಿದರೆ 6,600 ಬರುತ್ತದೆ, ನೀವು 3,400 ಹಾಕಿ ಶೇ. 40 ಉಳಿಸಿಕೊಳ್ಳುತ್ತೀರಿ. ದಾಖಲೆ ಇಲ್ಲದಿದ್ದರೆ 100ಕ್ಕೇ ಮಾರಿ. ಒಪ್ಪಂದದಲ್ಲಿ ಯಾವ ಟೂರ್ನಿ, ಯಾರದು ಎಷ್ಟು ಪಾಲು, ಪ್ರಯಾಣ ಖರ್ಚು ಯಾರದು, ಆಡದಿದ್ದರೆ ಹಣ ಯಾವಾಗ ವಾಪಸ್ ಇವಿಷ್ಟೂ ಇರಲಿ. ಎಲ್ಲರೂ ಮರೆಯುವ ಸಾಲು ಇನ್ನೊಂದಿದೆ: "ತೆರಿಗೆ ಕಳೆದ ಮೊತ್ತದಲ್ಲಿ ಪಾಲು". ಅಮೆರಿಕದಲ್ಲಿ ಭಾರತೀಯರ ಗೆಲುವಿನಿಂದ ಶೇ. 30 ಅಲ್ಲೇ ಹಿಡಿಯುತ್ತಾರೆ, ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಇಲ್ಲಿ ಅದಕ್ಕೆ ಕ್ರೆಡಿಟ್ ಕೇಳಬಹುದು, ಆದರೆ ಪೂರ್ತಿ ಗೆಲುವು ನಿಮ್ಮ ಹೆಸರಿಗೇ ಬರುತ್ತದೆ. ಗೆಳೆಯರಿಗೆ ಹಂಚಿದ್ದನ್ನು ಖರ್ಚೆಂದು ತೋರಿಸಲಾಗದು. ಆ ಸಾಲು ಬಿಟ್ಟರೆ ಅವರ ಪಾಲಿನ ತೆರಿಗೆಯೂ ನಿಮ್ಮ ತಲೆಗೆ.

ಹಣ ಕಳಿಸುವ ಮೊದಲು ಬ್ಯಾಂಕನ್ನು ಲಿಖಿತವಾಗಿ ಕೇಳಿ. ಲಾಟರಿ, ಸ್ವೀಪ್‌ಸ್ಟೇಕ್ಸ್ ಮುಂತಾದವಕ್ಕೆ ವಿದೇಶಕ್ಕೆ ಹಣ ಕಳಿಸುವುದನ್ನು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ನಿಷೇಧಿಸುತ್ತದೆ. ಪ್ರವಾಸ ಖರ್ಚು ಎಂದು ಬರೆದು ಪ್ರವೇಶ ಶುಲ್ಕ ಕಟ್ಟುವುದು ಸುಳ್ಳು ಘೋಷಣೆ.

ಪ್ರಶ್ನೆ: ಮಗ ಇಂಜಿನಿಯರ್. ಕೆಲಸ ಬಿಟ್ಟು ಪೋಕರ್ ಆಡ್ತೀನಿ, ಇದು ಜೂಜಲ್ಲ, ಗಣಿತ ಅಂತಾನೆ. ಹೊಲದ ಮೇಲೆ ಐದು ಲಕ್ಷ ಸಾಲ ತೆಗೆದುಕೊಡು ಅಂತಿದಾನೆ. ನಂಬೋದು ಹೇಗೆ?
— ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಹೊಲದ ಮೇಲೆ ಸಾಲ ತೆಗೆಯಬೇಡಿ. ಆಟದಲ್ಲಿ ಗಣಿತ ಇರುವುದು ನಿಜ. ಆ ಗಣಿತ ಬಲ್ಲವರು ಯಾರೂ ಸಾಲದ ಹಣದಲ್ಲಿ ಕೂರುವುದಿಲ್ಲ. ಬಡ್ಡಿ ತಿಂಗಳು ತಿಂಗಳು ಬರುತ್ತದೆ, ಗೆಲುವು ಹಾಗೆ ಬರುವುದಿಲ್ಲ. ಅವನ ಲೆಕ್ಕದ ಪುಸ್ತಕ ತೋರಿಸು ಅನ್ನಿ. ಯಾವ ದಿನ ಎಷ್ಟು ಗಂಟೆ, ಎಷ್ಟು ಹಾಕಿದ, ಎಷ್ಟು ತಂದ, ಸೋತ ದಿನಗಳೂ ಸೇರಿ. ಅದನ್ನೇ ನಂಬಿ ಬದುಕಲು ಹೊರಟವನ ಬಳಿ ಆ ಪುಸ್ತಕ ಇರುತ್ತದೆ, ಕೇಳಿದರೆ ಕೊಡುತ್ತಾನೆ. ಪುಸ್ತಕವೇ ಇಲ್ಲ, ಗೆದ್ದದ್ದು ಮಾತ್ರ ನೆನಪಿದೆ ಎಂದರೆ ಅವನಿಗೇ ತನ್ನ ಲೆಕ್ಕ ಗೊತ್ತಿಲ್ಲ.

ಸಾಲದ ಆ್ಯಪ್‌ನಿಂದ ಹಣ ಎತ್ತುವುದು, ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯುವುದು, ಎಲ್ಲಿದ್ದೆ ಅಂದರೆ ಸುಳ್ಳು ಹೇಳುವುದು, ಸೋತ ದಿನ ಇನ್ನೂ ದೊಡ್ಡ ಟೇಬಲ್‌ಗೆ ಹೋಗುವುದು, ನಿಲ್ಲಿಸುತ್ತೇನೆ ಎಂದು ಮತ್ತೆ ಮತ್ತೆ ಮಾತು ತಪ್ಪುವುದು ಕಂಡರೆ ಅದು ಚಟದ ಲಕ್ಷಣ. ಬೈದರೆ ಬಚ್ಚಿಡುವುದು ಹೆಚ್ಚುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ.

ಪ್ರಶ್ನೆ: ಎಲ್ಲ ಲೆಕ್ಕ ಹಾಕಿಯೂ ಮೂರು ತಿಂಗಳು ಪ್ರಯತ್ನಿಸುವುದೆಂದು ತೀರ್ಮಾನಿಸಿದ್ದೇನೆ. ಕಂಪನಿಯಲ್ಲಿ ಏನೆಂದು ಕೇಳಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ರಾಜೀನಾಮೆ ಬೇಡ, ಸಂಬಳರಹಿತ ರಜೆ ಕೇಳಿ. ಮೊದಲು ನೇಮಕಾತಿ ಪತ್ರದಲ್ಲಿ ಬೇರೆ ಗಳಿಕೆಯ ಬಗ್ಗೆ ಏನಿದೆ ಓದಿ. ನಿಷೇಧ ಇದ್ದರೆ ಲಿಖಿತ ಒಪ್ಪಿಗೆ ಇಲ್ಲದೆ ಹೊರಡಬೇಡಿ. "ವೈಯಕ್ತಿಕ ಕಾರಣ" ಎಂದು ಬರೆದರೆ ಸುಳ್ಳಲ್ಲ, ಅನಾರೋಗ್ಯ ಎಂದು ಬರೆಯಬೇಡಿ. ಮಂಜೂರಾತಿ ಪತ್ರದಲ್ಲಿ ಹಿಂದಿರುಗುವ ದಿನಾಂಕ, ಅದೇ ಹುದ್ದೆ, ಸೇವೆ ಮುಂದುವರಿಕೆ ಇರಲಿ. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇದ್ದರೆ ಗ್ರಾಚ್ಯುಟಿಗಾಗಿ ಕಾಯಿರಿ. ರಜೆಯಲ್ಲಿ ಗುಂಪು ಆರೋಗ್ಯ ವಿಮೆ ನಡೆಯುತ್ತದೆಯೇ ಎಂದು ಕೇಳಿ, ಇಲ್ಲವಾದರೆ ಕೊನೆಯ ದಿನಕ್ಕೆ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಅರ್ಜಿ ಕೊಡಿ. ಹೊಸದಾಗಿ ಕೊಂಡರೆ ಕಾಯುವ ಅವಧಿ ಮತ್ತೆ ಮೊದಲಿನಿಂದ. ಗೃಹಸಾಲದ ಯೋಚನೆ ಇದ್ದರೆ ಸಂಬಳದ ಚೀಟಿ ಬರುತ್ತಿರುವಾಗಲೇ ಮುಗಿಸಿಕೊಳ್ಳಿ, ಇಸ್ಪೀಟಿನ ಆದಾಯವನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ತಿಂಗಳಲ್ಲಿ ಆಗುವುದು ಹೆಚ್ಚೆಂದರೆ 300 ಗಂಟೆ. ಅಷ್ಟರಲ್ಲಿ ಗೆದ್ದರೂ ಅದನ್ನು ತೋರಿಸಿ ರಜೆ ವಿಸ್ತರಿಸಬೇಡಿ, ಗೊತ್ತುಮಾಡಿದ ದಿನಕ್ಕೆ ಕೆಲಸಕ್ಕೆ ಹಾಜರಾಗಿ, ದಾಖಲೆಯನ್ನು ವಾರಾಂತ್ಯಗಳಲ್ಲಿ ಬೆಳೆಸಿ.